ಬೆಟ್ಟ ಹತ್ತುವ ಮುನ್ನ ಮಾತ್ರೆಯ ಹೆಸರು ಓದಿ

ಹೈದರಾಬಾದಿನ ಸುಲ್ತಾನ್ ಬಜಾರಿಗೆ ಜನ ಬರುವುದು ಸೀರೆ, ಬಳೆ, ಮದುವೆಯ ಜವಳಿಗೆಂದು. ಅಲ್ಲಿಂದ ಕೋಠಿಯ ಕಡೆ ನಾಲ್ಕು ಹೆಜ್ಜೆ ಹಾಕಿದರೆ ಬೇರೆಯದೇ ಪೇಟೆ. ಗ್ಲುಕೋಮೀಟರ್, ಬಿಪಿ ಮಷಿನ್, ನೆಬ್ಯುಲೈಸರ್, ಮೊಣಕಾಲಿನ ಪಟ್ಟಿ ಮಾರುವ ಸರ್ಜಿಕಲ್ ಅಂಗಡಿಗಳು. ಇಸಾಮಿಯಾ ಬಜಾರಿನಲ್ಲಿ ಔಷಧದ ಸಗಟು ಮಳಿಗೆಗಳು. 1846ರಲ್ಲಿ ಹುಟ್ಟಿದ ಹೈದರಾಬಾದ್ ಮೆಡಿಕಲ್ ಸ್ಕೂಲು ಉಸ್ಮಾನಿಯಾ ಮೆಡಿಕಲ್ ಕಾಲೇಜಾಗಿ ಕೋಠಿಯಲ್ಲೇ ಇದೆ, ಅದರ ನೆರಳಿನಲ್ಲಿ ಈ ವ್ಯಾಪಾರ. 1933ರವರೆಗೆ ಸುಲ್ತಾನ್ ಬಜಾರಿಗೆ ರೆಸಿಡೆನ್ಸಿ ಬಜಾರ್ ಎಂದು ಹೆಸರಿತ್ತು, ಬ್ರಿಟಿಷ್ ರೆಸಿಡೆಂಟನ ಆಡಳಿತವಿತ್ತು. ಈಗ ಮೆಟ್ರೊ ನಿಲ್ದಾಣವೇ ಸುಲ್ತಾನ್ ಬಜಾರ್ ಹೆಸರಿನಲ್ಲಿದೆ.

ಇಲ್ಲಿ ಕನ್ನಡ ಕಿವಿಗೆ ಬೀಳುವುದು ಹೊಸದೇನಲ್ಲ. ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದ್ ರಾಜ್ಯಕ್ಕೇ ಸೇರಿದ್ದವು. ಪಕ್ಕದ ಕಾಚಿಗೂಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರವಿದೆ. ಆ ಜಿಲ್ಲೆಗಳಿಂದ ದವಾಖಾನೆಗೆಂದು ಬಂದವರು ಇಂದಿಗೂ ಫೈಲಿನ ಚೀಲ ಹಿಡಿದು ಈ ಬೀದಿಗಳಲ್ಲಿ ಸಿಗುತ್ತಾರೆ. ಅವರ ಚೀಟಿಯಲ್ಲಿ ಶುಗರ್, ಬಿಪಿ, ದಮ್ಮು ಇದ್ದರೆ, ಮನಸ್ಸಿನಲ್ಲಿ ತಿರುಮಲೆಯೋ ಶಬರಿಮಲೆಯೋ ಕೇದಾರವೋ ಇರುತ್ತದೆ. ಮಕ್ಕಳ ತಲೆಯಲ್ಲಿ ಕುಮಾರಪರ್ವತ, ಮುಳ್ಳಯ್ಯನಗಿರಿ. ಟ್ರೆಕ್ಕಿಂಗ್ ಎಂಬ ಮಾತು ಬರುವ ಎಷ್ಟೋ ಮೊದಲಿನಿಂದ ನಮ್ಮ ಜನ ಹರಕೆಯ ಹೆಸರಿನಲ್ಲಿ ಕಾಯಿಲೆ ಹೊತ್ತುಕೊಂಡೇ ಬೆಟ್ಟ ಹತ್ತಿದ್ದಾರೆ.

ವೈದ್ಯರನ್ನು ಅವರು ಕೇಳುವುದು ಒಂದೇ ಪ್ರಶ್ನೆ: "ಹೋಗಬಹುದೇನ್ರಿ ಸಾಹೇಬ್ರ?" ಹೌದು ಎಂದರೂ ಇಲ್ಲ ಎಂದರೂ ಆ ಉತ್ತರದಿಂದ ಹೆಚ್ಚು ಉಪಯೋಗವಿಲ್ಲ. ಸಕ್ಕರೆ ಕಾಯಿಲೆಯ ಇಬ್ಬರು ಒಟ್ಟಿಗೆ ಹತ್ತಿದರೆ ಒಬ್ಬರು ನಗುತ್ತಾ ತುದಿ ಮುಟ್ಟಬಹುದು, ಇನ್ನೊಬ್ಬರು ಅರ್ಧ ದಾರಿಯಲ್ಲಿ ಬೆವೆತು ಕುಸಿಯಬಹುದು. ಎಷ್ಟೋ ಸಲ ಆ ವ್ಯತ್ಯಾಸ ಇರುವುದು ಇಬ್ಬರೂ ಬೆಳಿಗ್ಗೆ ನುಂಗಿದ ಮಾತ್ರೆಯಲ್ಲಿ. ಏರಿನಲ್ಲಿ ಕಾಲು ಹಿಡಿದೆಳೆಯುವುದು ಕಾಯಿಲೆಗಿಂತ ಹೆಚ್ಚಾಗಿ ಅದಕ್ಕೆ ತೆಗೆದುಕೊಂಡ ಔಷಧ, ಇಲ್ಲವೇ ತೆಗೆದುಕೊಳ್ಳದೆ ಬಿಟ್ಟ ಔಷಧ. ಹಾಗಾಗಿ ಬೂಟು, ಬ್ಯಾಗು ಕೊಳ್ಳುವ ಮೊದಲು ಮಾಡಬೇಕಾದ ಕೆಲಸ, ಸ್ಟ್ರಿಪ್ ತಿರುಗಿಸಿ ಬ್ರಾಂಡಿನ ಹೆಸರಿನ ಜೊತೆಗೆ ಅಚ್ಚಾದ ಔಷಧದ ಹೆಸರನ್ನು ಓದುವುದು.

ಏರಿನಲ್ಲಿ ಸಕ್ಕರೆ ಏನಾಗುತ್ತದೆ

ಸುಮ್ಮನೆ ಕೂತಿರುವಾಗ ರಕ್ತದಲ್ಲಿರುವ ಸಕ್ಕರೆ ಸ್ನಾಯುವಿನೊಳಗೆ ಹೋಗಲು ಇನ್ಸುಲಿನ್ ಬೇಕು. ಹತ್ತುವ ಕಾಲು ಅದಕ್ಕೆ ಕಾಯುವುದಿಲ್ಲ. ಸ್ನಾಯು ಬಿಗಿಯಾಗಿ ಸಡಿಲವಾಗುತ್ತಿದ್ದರೆ ಸಾಕು, ಜೀವಕೋಶದೊಳಗೆ ಅಡಗಿರುವ ಗ್ಲೂಟ್-4 ಎಂಬ ಪ್ರೋಟೀನು ಮೇಲ್ಪದರಕ್ಕೆ ಬಂದು ಸಕ್ಕರೆಯನ್ನು ಒಳಗೆಳೆದುಕೊಳ್ಳುತ್ತದೆ. ಕಾಯಿಲೆ ಇಲ್ಲದವರಲ್ಲಿ ಇದನ್ನು ಕಂಡ ಮೇದೋಜೀರಕ ಗ್ರಂಥಿ ಇನ್ಸುಲಿನ್ ಸುರಿಸುವುದನ್ನು ತಗ್ಗಿಸುತ್ತದೆ, ಲಿವರ್ ತನ್ನ ದಾಸ್ತಾನಿನಿಂದ ಸಕ್ಕರೆ ಬಿಡುತ್ತದೆ, ತಕ್ಕಡಿ ಸಮವಾಗಿ ನಿಲ್ಲುತ್ತದೆ.

ಬೆಳಿಗ್ಗೆ ಚುಚ್ಚಿಕೊಂಡ ಇನ್ಸುಲಿನ್ ಹಾಗೆ ತಗ್ಗುವುದಿಲ್ಲ. ಹೊಕ್ಕಷ್ಟೂ ಕೆಲಸ ಮಾಡಿಯೇ ಮುಗಿಸುತ್ತದೆ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ಎಂಬ ಮಾತ್ರೆಗಳೂ ಅದೇ ಜಾತಿ. ಅವು ಗ್ರಂಥಿಯನ್ನು ಹಿಂಡಿ ಇನ್ಸುಲಿನ್ ಹೊರಡಿಸುತ್ತವೆ. ನೀವು ಮನೆಯಲ್ಲಿ ಕೂತಿದ್ದರೂ ಬೆಟ್ಟದ ಮೇಲಿದ್ದರೂ ಅವುಗಳ ಪಾಲಿಗೆ ಒಂದೇ. ಸ್ನಾಯು ಒಂದು ಕಡೆಯಿಂದ, ಮಾತ್ರೆ ಇನ್ನೊಂದು ಕಡೆಯಿಂದ ಸಕ್ಕರೆ ಎಳೆದಾಗ ಅದು 70 ಮಿಲಿಗ್ರಾಮಿಗಿಂತ ಕೆಳಗೆ ಜಾರುತ್ತದೆ. ಕೈ ನಡುಕ, ತಣ್ಣನೆಯ ಬೆವರು, ವಿಪರೀತ ಹಸಿವು, ಸಿಡುಕು, ಮಾತು ತೊದಲುವುದು: ಇದನ್ನೇ ಜನ 'ಶುಗರ್ ಡೌನ್' ಅನ್ನುವುದು. ಸಮತಟ್ಟು ರಸ್ತೆಯಲ್ಲಿ ಇದು ತೊಂದರೆ. ಕುಮಾರಪರ್ವತದ ಕಲ್ಲು ಚಪ್ಪಡಿಯ ಮೇಲೆ ಕಾಲು ತಪ್ಪಿದರೆ ಅಪಘಾತ.

ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಹೀಗಾಗುವುದು ಅಪರೂಪ. ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್ ಕೂಡ ಒಂಟಿಯಾಗಿ ಸಕ್ಕರೆಯನ್ನು ಪಾತಾಳಕ್ಕೆ ತಳ್ಳುವುದಿಲ್ಲ. ತೊಡಕಿರುವುದು ಜೋಡಿ ಮಾತ್ರೆಗಳಲ್ಲಿ. ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಸೇರಿಸಿದ ಮಾತ್ರೆ ನಮ್ಮಲ್ಲಿ ಧಾರಾಳವಾಗಿ ಬರೆಯುವ ಔಷಧ. ಬ್ರಾಂಡ್ ಹೆಸರಿನ ಬಾಲಕ್ಕೆ ಎರಡಕ್ಷರ ಅಂಟಿಸಿ ಎರಡನೆಯ ಔಷಧವನ್ನು ಸೂಚಿಸಿರುತ್ತಾರೆ. "ನಂದು ಬರೀ ಸಾದಾ ಗುಳಿಗೆ" ಎಂದುಕೊಂಡವರ ಸ್ಟ್ರಿಪ್ಪಿನಲ್ಲಿ ಗ್ಲಿಮೆಪಿರೈಡ್ ಇರುವುದು ಬಹಳ ಸಾಮಾನ್ಯ.

ಮೂರನೆಯ ಗುಂಪು ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್. ಭಾರತದಲ್ಲಿ ಮೊದಲನೆಯದರ ಪೇಟೆಂಟ್ 2020ರಲ್ಲಿ, ಎರಡನೆಯದರದು 2025ರಲ್ಲಿ ಮುಗಿದು ಬೆಲೆ ಇಳಿದದ್ದರಿಂದ ಈಗ ಸಣ್ಣ ಊರುಗಳ ಚೀಟಿಗಳಲ್ಲೂ ಇವು ಇವೆ. ಇವು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ, ಜೊತೆಗೆ ನೀರೂ ಹೋಗುತ್ತದೆ. ಬೆವರು ಸುರಿಯುವ ಏರಿನಲ್ಲಿ, ಅದರಲ್ಲೂ ಉಪವಾಸವಿದ್ದು ಹತ್ತುವವರಲ್ಲಿ, ದೇಹ ಒಣಗುತ್ತದೆ. ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಸೇರಿಕೊಳ್ಳಬಹುದು. ಮೋಸದ ಸಂಗತಿ ಏನೆಂದರೆ ಆಗ ಗ್ಲುಕೋಮೀಟರಿನ ಅಂಕಿ ತೀರಾ ಹೆಚ್ಚು ತೋರಿಸದೆಯೂ ಇರಬಹುದು. ವಾಂತಿ, ಹೊಟ್ಟೆನೋವು, ಜೋರು ಉಸಿರು ಬಂದರೆ ಆಯಾಸವೆಂದು ತಳ್ಳಿಹಾಕದೆ ಕೆಳಗಿಳಿದು ಆಸ್ಪತ್ರೆ ಸೇರಬೇಕು. ದೊಡ್ಡ ಶಸ್ತ್ರಚಿಕಿತ್ಸೆಗೆ ಮೂರು ದಿನ ಮೊದಲೇ ಈ ಮಾತ್ರೆಗಳನ್ನು ನಿಲ್ಲಿಸುವ ರೂಢಿಯಿದೆ. ದೀರ್ಘ ಉಪವಾಸದ ಚಾರಣಕ್ಕೆ ಏನು ಮಾಡಬೇಕೆಂದು ಬರೆದುಕೊಟ್ಟ ವೈದ್ಯರನ್ನೇ ಕೇಳಿ.

ಇನ್ಸುಲಿನ್ ತೆಗೆದುಕೊಳ್ಳುವವರು ಹತ್ತುವ ದಿನ ತೊಡೆಗೆ ಚುಚ್ಚಿಕೊಳ್ಳಬಾರದು. ದುಡಿಯುವ ತೊಡೆಯಲ್ಲಿ ರಕ್ತ ಸಂಚಾರ ಹೆಚ್ಚಿ ಔಷಧ ಬೇಗ ಹೀರಿಹೋಗುತ್ತದೆ. ಹೊಟ್ಟೆಯ ಭಾಗವೇ ವಾಸಿ. ಪ್ರಮಾಣ ಎಷ್ಟು ಇಳಿಸಬೇಕೆಂಬುದು ವೈದ್ಯರ ಲೆಕ್ಕ, ಮತ್ತು ಆ ಇಳಿಕೆ ನೀವು ಊಹಿಸಿದ್ದಕ್ಕಿಂತ ದೊಡ್ಡದಿರಬಹುದು. ಹೊರಡುವಾಗ ಸಕ್ಕರೆ 90ಕ್ಕಿಂತ ಕಡಿಮೆಯಿದ್ದರೆ ತಿಂದು, ಮತ್ತೆ ನೋಡಿಕೊಂಡು ಹೊರಡಬೇಕು. 250 ದಾಟಿದ್ದರೆ ಕೀಟೋನ್ ಇದೆಯೇ ಎಂದು ನೋಡಬೇಕು. ಇದ್ದರೆ ಅಂದು ಬೆಟ್ಟ ಬೇಡ. ಹೆಚ್ಚಿನವರು ಮರೆಯುವುದು ರಾತ್ರಿಯನ್ನು. ದಿನವಿಡೀ ಖಾಲಿಯಾದ ಸ್ನಾಯು ತನ್ನ ದಾಸ್ತಾನು ತುಂಬಿಕೊಳ್ಳಲು 24 ಗಂಟೆಯವರೆಗೂ ಸಕ್ಕರೆ ಹೀರುತ್ತಿರುತ್ತದೆ. ಬೆಟ್ಟ ಇಳಿದು, ಉಂಡು, ಮಲಗಿದ ಮೇಲೆ ನಡುರಾತ್ರಿಯಲ್ಲಿ ಶುಗರ್ ಡೌನ್ ಆಗುವುದು ಹೀಗೆ. ಮಲಗುವ ಮುನ್ನ ಒಮ್ಮೆ ಬೆರಳು ಚುಚ್ಚಿ ನೋಡುವುದು ದಾರಿಯಲ್ಲಿ ನಾಲ್ಕು ಸಲ ನೋಡಿದ್ದಕ್ಕಿಂತ ಮುಖ್ಯ.

ಇಷ್ಟೆಲ್ಲ ಓದಿ ಗಾಬರಿಯಾದವರಿಗೆ ಒಂದು ಮಾತು: ಆಸ್ಟ್ರಿಯಾದ ಗೆರಿ ವಿಂಕ್ಲರ್ ಇನ್ಸುಲಿನ್ ಚುಚ್ಚಿಕೊಳ್ಳುತ್ತಲೇ 2006ರಲ್ಲಿ ಎವರೆಸ್ಟ್ ಹತ್ತಿದರು.

ಕೋಠಿಯ ಕೌಂಟರಿನಲ್ಲಿ ಏನು ಕೇಳಬೇಕು

ಮೊದಲು ಸಿರಿಂಜು. ನಮ್ಮ ದೇಶದಲ್ಲಿ ಇನ್ಸುಲಿನ್ನಿನ ಸಾಮಾನ್ಯ ಬಾಟಲಿ ಮಿಲಿಲೀಟರಿಗೆ 40 ಯೂನಿಟ್ಟಿನದು, ಪೆನ್ನಿನ ಕಾರ್ಟ್ರಿಜ್ 100 ಯೂನಿಟ್ಟಿನದು. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ. ದಾರಿಯಲ್ಲಿ ಪೆನ್ನು ಕೆಟ್ಟಿತೆಂದು ಕಾರ್ಟ್ರಿಜ್ಜಿನಿಂದ ಕೆಂಪು ಮುಚ್ಚಳದ ಸಿರಿಂಜಿಗೆ ಎಳೆದುಕೊಂಡರೆ ಒಳಹೋಗುವುದು ಎರಡೂವರೆ ಪಟ್ಟು ಔಷಧ. ಬೆಟ್ಟದ ಮೇಲೆ ಇದಕ್ಕಿಂತ ಅಪಾಯದ ತಪ್ಪು ಇನ್ನೊಂದಿಲ್ಲ. ಪೆನ್ನು ಬಳಸುವವರು ಇನ್ನೊಂದು ಪೆನ್ನನ್ನೇ ಜೊತೆಗೆ ಒಯ್ಯಲಿ, ಅದೂ ಬೇರೆಯವರ ಚೀಲದಲ್ಲಿ.

ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ, ಅಂದರೆ ಫ್ರಿಜ್ಜಿನಲ್ಲಿ ಇರಬೇಕು. ಬಳಸಲು ಶುರು ಮಾಡಿದ್ದು 30 ಡಿಗ್ರಿಯೊಳಗಿದ್ದರೆ ಸುಮಾರು ನಾಲ್ಕು ವಾರ ಬಾಳುತ್ತದೆ. ನೀರಿನಲ್ಲಿ ನೆನೆಸಿದರೆ ಒಳಗಿನ ಹರಳು ಉಬ್ಬಿ ತಂಪು ಹಿಡಿದಿಡುವ ಚೀಲಗಳು ಸಿಗುತ್ತವೆ. ಮಣ್ಣಿನ ಗಡಿಗೆ ನೀರು ತಂಪಾಗಿಡುವ ತತ್ವವೇ ಅಲ್ಲೂ. ಐಸ್ ಮೇಲೆ ನೇರವಾಗಿ ಇಟ್ಟರೆ ಇನ್ಸುಲಿನ್ ಹೆಪ್ಪುಗಟ್ಟಿ ಕೆಡುತ್ತದೆ, ಮತ್ತೆ ಕರಗಿಸಿದರೂ ಪ್ರಯೋಜನವಿಲ್ಲ. ಹಿಮಾಲಯದಲ್ಲಿ ತಾಪತ್ರಯ ತಿರುಗಾಮುರುಗಾ: ಅಲ್ಲಿ ಹಗಲು ಒಳಅಂಗಿಯ ಜೇಬಿನಲ್ಲಿ, ರಾತ್ರಿ ರಜಾಯಿಯೊಳಗೆ ಇರಬೇಕು. ಗ್ಲುಕೋಮೀಟರೂ ಹಾಗೆಯೇ, ಹೆಚ್ಚಿನವು ಕೆಲಸ ಮಾಡುವುದು ಸುಮಾರು 10ರಿಂದ 40 ಡಿಗ್ರಿಯ ನಡುವೆ. ಚಳಿಯಲ್ಲಿ 'ಎರರ್' ತೋರಿಸಿದರೆ ಕಂಕುಳಲ್ಲಿ ಬೆಚ್ಚಗೆ ಮಾಡಿ ನೋಡಿ. ಬಾಳೆಹಣ್ಣು ಸುಲಿದ ಕೈ ತೊಳೆಯದೆ ಬೆರಳು ಚುಚ್ಚಿದರೆ ಸುಳ್ಳು ಅಂಕಿ ಬರುತ್ತದೆ.

ಶುಗರ್ ಡೌನ್ ಆದಾಗ ಬೇಕಾಗುವುದು ಸುಮಾರು 15 ಗ್ರಾಂ ಸಕ್ಕರೆ: ನೀರಿನಲ್ಲಿ ಕಲಸಿದ ಗ್ಲುಕೋಸ್ ಪುಡಿ, ಅಥವಾ ಮೂರು ನಾಲ್ಕು ಚಮಚ ಸಾದಾ ಸಕ್ಕರೆ. 15 ನಿಮಿಷ ಕೂತು ಮತ್ತೆ ನೋಡಬೇಕು, 70 ದಾಟದಿದ್ದರೆ ಅಷ್ಟೇ ಸಕ್ಕರೆ ಇನ್ನೊಮ್ಮೆ. ಆಮೇಲೆ ರೊಟ್ಟಿಯನ್ನೋ ಬಿಸ್ಕತ್ತನ್ನೋ ತಿಂದು ಹೊರಡಬಹುದು. ಶೇಂಗಾ ಚಿಕ್ಕಿ, ಚಾಕೊಲೇಟು, ಹೈದರಾಬಾದಿಗರ ಪ್ರೀತಿಯ ಉಸ್ಮಾನಿಯಾ ಬಿಸ್ಕತ್ತು ಈ ಹೊತ್ತಿಗೆ ಆಗುವುದಿಲ್ಲ. ಅವುಗಳಲ್ಲಿರುವ ಕೊಬ್ಬು ಸಕ್ಕರೆ ರಕ್ತ ಸೇರುವುದನ್ನು ತಡಮಾಡುತ್ತದೆ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ಉಸಿರುನಾಳಕ್ಕೆ ಇಳಿಯುತ್ತದೆ. ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಿ. ಗ್ಲುಕಗಾನ್ ಚುಚ್ಚುಮದ್ದು ಜೊತೆಗಿದ್ದು, ಹಾಕಲು ಕಲಿತವರೊಬ್ಬರು ತಂಡದಲ್ಲಿದ್ದರೆ ಇನ್ನೂ ಒಳ್ಳೆಯದು.

ಓಆರ್‌ಎಸ್ ಕೊಳ್ಳುವಾಗ ಪ್ಯಾಕೆಟ್ಟಿನ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರವೆಂದು ಬರೆದಿದೆಯೇ ನೋಡಿ. ಒಂದು ಲೀಟರಿಗೆ ಕಲಸುವ ಆ ಪುಡಿಯಲ್ಲಿ ಗ್ಲುಕೋಸ್ 13.5 ಗ್ರಾಂ, ಉಪ್ಪು 2.6 ಗ್ರಾಂ. ಅದೇ ಹೆಸರನ್ನು ಹೋಲುವ ಸಿಹಿ ಪಾನೀಯಗಳ ಡಬ್ಬಿಗಳಲ್ಲಿ ಸಕ್ಕರೆ ಹಲವು ಪಟ್ಟು ಇರುತ್ತಿತ್ತು. ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ಇದರ ವಿರುದ್ಧ ವರ್ಷಗಟ್ಟಲೆ ಹೋರಾಡಿದರು. ಸೂತ್ರಕ್ಕೆ ಹೊಂದದ ಪಾನೀಯಗಳು ಓಆರ್‌ಎಸ್ ಎಂಬ ಹೆಸರು ಹಾಕಿಕೊಳ್ಳುವಂತಿಲ್ಲ ಎಂದು 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆದೇಶ ಹೊರಡಿಸಿತು. ಸಕ್ಕರೆ ಕಾಯಿಲೆಯವರಿಗೆ ಈ ವ್ಯತ್ಯಾಸ ಚಿಕ್ಕದಲ್ಲ. ಹೃದಯ ಸೋತವರು, ಕಿಡ್ನಿ ತೊಂದರೆಯವರು ಓಆರ್‌ಎಸ್‌ನ ಉಪ್ಪಿನ ಬಗ್ಗೆಯೂ ಮೊದಲೇ ಕೇಳಿಕೊಳ್ಳಬೇಕು.

ವ್ರತ, ಬರಿಗಾಲು, ಉಂಬಳ

ನವೆಂಬರ್ ನಡುವಿನಿಂದ ಹೈದರಾಬಾದಿನ ಬೀದಿಗಳಲ್ಲಿ ಕಪ್ಪು ಬಟ್ಟೆಯ ಅಯ್ಯಪ್ಪ ಮಾಲಾಧಾರಿಗಳು ಕಾಣತೊಡಗುತ್ತಾರೆ. 41 ದಿನದ ವ್ರತದಲ್ಲಿ ಒಪ್ಪೊತ್ತಿನ ಊಟ, ತಣ್ಣೀರ ಸ್ನಾನ, ಬರಿಗಾಲು. ಕೆಲವರು ವ್ರತವೆಂದು ಮಾತ್ರೆಯನ್ನೂ ನಿಲ್ಲಿಸಿಬಿಡುತ್ತಾರೆ. ಹಾಗೆ ಮಾಡಬೇಡಿ ಎಂದು ಕೇರಳದ ಆರೋಗ್ಯ ಇಲಾಖೆ ಯಾತ್ರೆಯ ಕಾಲದಲ್ಲಿ ಮತ್ತೆ ಮತ್ತೆ ಹೇಳುತ್ತದೆ. ಪಂಪೆಯಿಂದ ಸನ್ನಿಧಾನಕ್ಕೆ ಸುಮಾರು 5 ಕಿಲೋಮೀಟರ್. ಅದರಲ್ಲಿ ನೀಲಿಮಲೆ, ಅಪ್ಪಾಚಿಮೇಡುಗಳ ಏರು ಎದೆಯನ್ನು ಪರೀಕ್ಷಿಸುವಂಥದ್ದು. ಆ ಏರಿನಲ್ಲೇ ಇಲಾಖೆ ಹೃದಯ ಚಿಕಿತ್ಸೆಯ ಕೇಂದ್ರಗಳನ್ನೂ ಆಮ್ಲಜನಕದ ತಂಗುದಾಣಗಳನ್ನೂ ತೆರೆಯುತ್ತದೆ. ತಿಂಗಳುಗಟ್ಟಲೆ ಬಿಪಿ ಮಾತ್ರೆ ಬಿಟ್ಟು, ಹಸಿದು, ಇರುಮುಡಿ ಹೊತ್ತು ಈ ಏರನ್ನು ಒಂದೇ ಉಸಿರಿಗೆ ಹತ್ತುವುದು ಭಕ್ತಿಯ ಲೆಕ್ಕದಲ್ಲೂ ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಇಳಿಜಾರು ಕಡಿಮೆಯಿರುವ ಸ್ವಾಮಿ ಅಯ್ಯಪ್ಪನ್ ರಸ್ತೆ ಇದೆ, ಅದನ್ನು ಹಿಡಿದವರ ದರ್ಶನದ ಫಲವೇನೂ ಕಡಿಮೆಯಾಗುವುದಿಲ್ಲ.

ತಿರುಮಲೆಗೆ ಅಲಿಪಿರಿಯಿಂದ 3,550 ಮೆಟ್ಟಿಲು, ಸುಮಾರು 9 ಕಿಲೋಮೀಟರ್. ಶ್ರೀವಾರಿ ಮೆಟ್ಟಿನಲ್ಲಿ 2,388 ಮೆಟ್ಟಿಲು, ಆದರೆ ದೂರ ಸುಮಾರು 2 ಕಿಲೋಮೀಟರ್ ಮಾತ್ರ. ಮೆಟ್ಟಿಲು ಕಡಿಮೆಯೆಂದು ಎರಡನೆಯದನ್ನು ಆರಿಸುವವರು ಕಡಿದಾದ ಏರನ್ನು ಆರಿಸಿಕೊಂಡಿರುತ್ತಾರೆ. ಎದೆಯ ತೊಂದರೆ, ದಮ್ಮು ಇರುವವರಿಗೆ ಉದ್ದನೆಯ, ನಿಧಾನದ ದಾರಿಯೇ ಮೇಲು. 60 ದಾಟಿದವರು, ಶುಗರ್, ಬಿಪಿ, ದಮ್ಮು, ಮೂರ್ಛೆರೋಗ ಇರುವವರು ನಡೆದು ಹತ್ತದಿರುವುದು ಒಳ್ಳೆಯದೆಂದು 2024ರಲ್ಲಿ ತಿರುಮಲ ತಿರುಪತಿ ದೇವಸ್ಥಾನವೇ ಸೂಚನೆ ಕೊಟ್ಟಿತು. ಕೋಟ್ಯಂತರ ಜನರನ್ನು ಸಂಭಾಳಿಸುವ ಸಂಸ್ಥೆ ಹಾಗೆ ಹೇಳುವುದು ಸಹಜ. ತನ್ನ ಔಷಧ ಗೊತ್ತಿರುವ, ತಾಲೀಮು ಮಾಡಿದ ಒಬ್ಬ ವ್ಯಕ್ತಿಯ ಲೆಕ್ಕ ಬೇರೆ ಇರಬಹುದು, ಅದನ್ನು ಅವರ ವೈದ್ಯರು ಹೇಳಬೇಕು.

ಬರಿಗಾಲಿನ ವಿಷಯದಲ್ಲಿ ನಾನು ಇಷ್ಟು ಮೆದುವಾಗಿ ಹೇಳಲಾರೆ. ಚಿಕ್ಕಮಗಳೂರಿನ ದೇವಿರಮ್ಮನ ಬೆಟ್ಟಕ್ಕೆ ದೀಪಾವಳಿಯ ಹೊತ್ತಿಗೆ ಸಾವಿರಾರು ಜನ ಬರಿಗಾಲಿನಲ್ಲಿ ಹತ್ತುತ್ತಾರೆ. ವರ್ಷಗಳಿಂದ ಶುಗರ್ ಇರುವವರಲ್ಲಿ ಎಷ್ಟೋ ಮಂದಿಗೆ ಪಾದದ ನರ ಮಂದವಾಗಿರುತ್ತದೆ. ಮುಳ್ಳು ಚುಚ್ಚಿದ್ದು, ಬೊಕ್ಕೆ ಎದ್ದದ್ದು ತಿಳಿಯುವುದೇ ಇಲ್ಲ. ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಕಣ್ಣು ಮುಚ್ಚಿ ಮಲಗಿ. ಮನೆಯವರು ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ಒಂದೊಂದಾಗಿ, ಒತ್ತದೆ, ಒಂದೆರಡು ಸೆಕೆಂಡ್ ಮುಟ್ಟಲಿ. ಆರರಲ್ಲಿ ಎರಡು ಅಥವಾ ಹೆಚ್ಚು ಸ್ಪರ್ಶ ಗೊತ್ತಾಗದಿದ್ದರೆ ನರ ಮಂದವಾಗಿದೆ ಎಂದೇ ಅರ್ಥ. ಅಂಥವರಿಗೆ ಬರಿಗಾಲು ಯಾವ ದೇವರ ಬೆಟ್ಟದಲ್ಲೂ ಬೇಡ. ಬೂಟು ಹಾಕುವವರೂ ಹೊಸ ಬೂಟಿನಲ್ಲಿ ಹೊರಡಬಾರದು, ಒದ್ದೆ ಕಾಲುಚೀಲದಲ್ಲಿ ನಡೆಯಬಾರದು, ನಿಂತಲ್ಲೆಲ್ಲ ಬಿಚ್ಚಿ ಕಣ್ಣಿನಿಂದ ನೋಡಬೇಕು. ಕಾಲು ಹೇಳದ್ದನ್ನು ಕಣ್ಣೇ ಹೇಳಬೇಕಲ್ಲ.

ಮಳೆಗಾಲದ ಮಲೆನಾಡಿನಲ್ಲಿ ಉಂಬಳ ಇನ್ನೊಂದು ಕಥೆ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಹಿರುಡಿನ್ ಎಂಬ ವಸ್ತುವಿದೆ. ಆಸ್ಪಿರಿನ್, ಕ್ಲೊಪಿಡೋಗ್ರೆಲ್, ವಾರ್ಫರಿನ್ ತೆಗೆದುಕೊಳ್ಳುವವರಿಗೆ ಉಂಬಳ ಕಚ್ಚಿದ ಜಾಗದಿಂದ ರಕ್ತ ಬಹಳ ಹೊತ್ತು ಒಸರುತ್ತದೆ. ಹೆದರಬೇಕಿಲ್ಲ, ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದರೆ ನಿಲ್ಲುತ್ತದೆ.

ಬಿಪಿ ಮಾತ್ರೆ, ಎದೆಯ ಮಾತ್ರೆ, ದಮ್ಮಿನ ಪಂಪು

ಮೆಟೊಪ್ರೊಲಾಲ್, ಅಟೆನೊಲಾಲ್ ಎಂದಿದ್ದರೆ ಅವು ಎದೆಬಡಿತ ಏರದಂತೆ ತಡೆಯುತ್ತವೆ. ಕೈಗಡಿಯಾರದ ಹೃದಯಬಡಿತದ ಅಂಕಿ ನೋಡಿ ಶ್ರಮ ಅಳೆಯುವವರಿಗೆ ಅದು ಸುಳ್ಳು ಹೇಳುತ್ತದೆ. ಮಾತಿನ ಪರೀಕ್ಷೆಯೇ ಗಟ್ಟಿ: ಹತ್ತುತ್ತಲೇ ಪಕ್ಕದವರೊಂದಿಗೆ ಒಂದು ಪೂರ್ತಿ ವಾಕ್ಯ ಆಡಲಾಗುವಷ್ಟೇ ವೇಗ ಸಾಕು. ಇದೇ ಮಾತ್ರೆ ಶುಗರ್ ಡೌನ್ ಆದಾಗಿನ ನಡುಕ, ಎದೆಬಡಿತಗಳನ್ನೂ ಮುಚ್ಚಿಬಿಡುತ್ತದೆ, ಬೆವರು ಮಾತ್ರ ಉಳಿಯುತ್ತದೆ. ಗ್ಲಿಮೆಪಿರೈಡ್ ಜೊತೆಗೆ ಮೆಟೊಪ್ರೊಲಾಲ್ ಇರುವವರು ಕಾರಣವಿಲ್ಲದ ತಣ್ಣನೆಯ ಬೆವರನ್ನು ಹಗುರವಾಗಿ ಕಾಣಬಾರದು.

ಹೈಡ್ರೊಕ್ಲೋರೊಥಯಜೈಡ್, ಕ್ಲೋರ್‌ಥಾಲಿಡೋನ್ ನೀರಿಳಿಸುವ ಮಾತ್ರೆಗಳು. ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ರಾಮಿಪ್ರಿಲ್ ಕಿಡ್ನಿಯೊಳಗಿನ ಒತ್ತಡವನ್ನು ಇಳಿಸುತ್ತವೆ. ಬೆವರಿ ಒಣಗಿದ ದೇಹದಲ್ಲಿ ಇವೆರಡೂ ಇರುವಾಗ, ಇಳಿಜಾರಿನ ಮೊಣಕಾಲು ನೋವಿಗೆಂದು ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗಿದರೆ ಕಿಡ್ನಿಗೆ ಮೂರು ಕಡೆಯಿಂದ ಪೆಟ್ಟು. ನೋವಿಗೆ ಪ್ಯಾರಾಸಿಟಮಾಲ್ ಸಾಕು. ವಾಂತಿ ಭೇದಿ ಹಿಡಿದುಕೊಂಡ ದಿನ ನೀರಿಳಿಸುವ ಮಾತ್ರೆ, ಮೆಟ್‌ಫಾರ್ಮಿನ್, ಡಾಪಾಗ್ಲಿಫ್ಲೋಜಿನ್‌ಗಳಲ್ಲಿ ಯಾವುದನ್ನು ನಿಲ್ಲಿಸಬೇಕೆಂದು ಹೊರಡುವ ಮುನ್ನವೇ ಚೀಟಿಯಲ್ಲಿ ಬರೆಸಿಕೊಳ್ಳಿ. ಆಮ್ಲೊಡಿಪಿನ್ ಸಾಮಾನ್ಯವಾಗಿ ತಂಟೆ ಮಾಡದು. ಪಾದ ಊದಿಸುವ ಗುಣವಿರುವುದರಿಂದ ಬೂಟು ಸಂಜೆಯ ಹೊತ್ತು ಹಾಕಿ ನೋಡಿ ಕೊಳ್ಳುವುದು ಜಾಣತನ.

ಎದೆ ಬಿಗಿತ, ದವಡೆ ಅಥವಾ ಎಡತೋಳಿನ ಸೆಳೆತ ಬಂದರೆ ಅಲ್ಲೇ ಕೂರಬೇಕು, ಯಾತ್ರೆ ಅಲ್ಲಿಗೆ ಮುಗಿಯಿತು. ಶುಗರ್ ಇರುವವರಲ್ಲಿ ನೋವೇ ಇಲ್ಲದೆ ಬರೀ ಉಸಿರುಗಟ್ಟುವಿಕೆ, ಬೆವರಿನ ರೂಪದಲ್ಲಿ ಹೃದಯಾಘಾತ ಬರುವುದುಂಟು. ಅದಕ್ಕೇ ನಲವತ್ತು ದಾಟಿದ, ಹಲವು ವರ್ಷದ ಶುಗರ್ ಇರುವವರು ದೊಡ್ಡ ಏರಿಗೆ ಮೊದಲು ಟ್ರೆಡ್‌ಮಿಲ್ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಬೇಕು. ಶುಗರ್ ಕಣ್ಣಿನ ಪರದೆಗೂ ತಟ್ಟುವುದರಿಂದ ಅದರ ಪರೀಕ್ಷೆಯೂ ಅಷ್ಟೇ ಮುಖ್ಯ.

ದಮ್ಮಿನವರಿಗೆ ಏರಿಗಿಂತ ತಣ್ಣನೆಯ ಒಣ ಗಾಳಿ, ಧೂಳು, ಹೊಗೆ ಹೆಚ್ಚು ಕಾಟ ಕೊಡುತ್ತವೆ. ದಿನಾ ಎಳೆಯುವ ಸ್ಟೀರಾಯ್ಡ್ ಇನ್‌ಹೇಲರನ್ನು ಒಂದು ದಿನವೂ ತಪ್ಪಿಸಬಾರದು. ಸಾಲ್ಬುಟಮಾಲ್ ಪಂಪನ್ನು ಹತ್ತಲು ಶುರುಮಾಡುವ 10–15 ನಿಮಿಷ ಮೊದಲು ಎಳೆದುಕೊಳ್ಳಲು ಎಷ್ಟೋ ವೈದ್ಯರು ಹೇಳುತ್ತಾರೆ. ಮೂಗು, ಬಾಯಿಗೆ ಶಾಲು ಸುತ್ತಿಕೊಂಡರೆ ಒಳಗೆ ಹೋಗುವ ಗಾಳಿ ಬೆಚ್ಚಗಾಗುತ್ತದೆ. ಹೈದರಾಬಾದಿನ ಮಾತು ಬಂದಾಗ ಮೀನಿನ ಔಷಧ ಬಿಡುವಂತಿಲ್ಲ. ಪ್ರತಿ ಮೃಗಶಿರಾ ಕಾರ್ತೆಗೆ ನಾಂಪಲ್ಲಿಯ ಪ್ರದರ್ಶನ ಮೈದಾನದಲ್ಲಿ ಬತ್ತಿನಿ ಕುಟುಂಬದವರು ದಮ್ಮಿಗೆಂದು ಜೀವಂತ ಮೀನಿನ ಬಾಯಲ್ಲಿಟ್ಟು ನುಂಗಿಸುವ ಔಷಧಕ್ಕೆ ಕರ್ನಾಟಕದಿಂದಲೂ ಜನ ಬರುತ್ತಾರೆ. ಅದರಿಂದ ದಮ್ಮು ವಾಸಿಯಾಗುತ್ತದೆಂದು ವೈದ್ಯಕೀಯ ಪರೀಕ್ಷೆಗಳಲ್ಲಿ ಸಾಬೀತಾಗಿಲ್ಲ. ನಂಬಿಕೆಯಿದ್ದವರು ನುಂಗಲಿ. ಅದನ್ನು ನೆಚ್ಚಿ ಪಂಪನ್ನು ಮನೆಯಲ್ಲಿ ಬಿಟ್ಟು ಬೆಟ್ಟಕ್ಕೆ ಹೋಗಬಾರದು.

ಎತ್ತರದ ಲೆಕ್ಕ

ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲೆಡೆ ಸುಮಾರು ಶೇ 21. ಮೇಲೆ ಹೋದಂತೆ ಇಳಿಯುವುದು ಗಾಳಿಯ ಒತ್ತಡ, ಹಾಗಾಗಿ ಪ್ರತಿ ಉಸಿರಿಗೆ ಸಿಗುವ ಆಮ್ಲಜನಕ ಕಡಿಮೆಯಾಗುತ್ತದೆ. ಎತ್ತರದ ಕಾಯಿಲೆ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್, ಕುಮಾರಪರ್ವತ 1,712. ನಮ್ಮ ಬೆಟ್ಟಗಳಲ್ಲಿ ತಲೆಸುತ್ತಿದರೆ ಎತ್ತರವನ್ನು ದೂರಬೇಡಿ. ನೀರು, ಸಕ್ಕರೆ, ಬಿಪಿ ನೋಡಿ.

ಕೇದಾರದ ಮಾತು ಬೇರೆ. ಅಲ್ಲಿನ ಮುಖ್ಯ ಅರ್ಚಕರಾದ ರಾವಲರು ಸಂಪ್ರದಾಯದಂತೆ ವೀರಶೈವ ಸಮುದಾಯದವರು, ಕರ್ನಾಟಕದ ನಂಟು ಹಳೆಯದು, ನಮ್ಮ ಯಾತ್ರಿಕರೂ ಬಹಳ. ದೇವಸ್ಥಾನ ಇರುವುದು ಸುಮಾರು 3,580 ಮೀಟರ್ ಎತ್ತರದಲ್ಲಿ, ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡು ಭಾಗದಷ್ಟು. ನಡಿಗೆ ಶುರುವಾಗುವ ಗೌರಿಕುಂಡ ಸುಮಾರು 1,980 ಮೀಟರ್. ಒಂದೇ ದಿನದಲ್ಲಿ 1,600 ಮೀಟರ್ ಏರಿ ಅಲ್ಲೇ ಮಲಗುವುದು, ಹೆಲಿಕಾಪ್ಟರಿನಲ್ಲಾದರೆ ಕೆಲವೇ ನಿಮಿಷದಲ್ಲಿ. 3,000 ಮೀಟರ್ ಮೇಲೆ ರಾತ್ರಿ ತಂಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದೆಂಬುದು ಪರ್ವತ ವೈದ್ಯರ ಸಾಮಾನ್ಯ ನಿಯಮ. ನಮ್ಮ ಪ್ಯಾಕೇಜ್ ಟೂರುಗಳು ಆ ಕಡೆ ನೋಡುವುದೇ ಇಲ್ಲ. ಕೆಳಗೆ ಒಂದೆರಡು ರಾತ್ರಿ ಹೆಚ್ಚು ತಂಗಲು ಟೂರಿನವರು ಒಪ್ಪದಿದ್ದರೆ ಬೇರೆ ಟೂರು ನೋಡುವುದೇ ಸರಿ. ಅಮರನಾಥಕ್ಕೆ ಆರೋಗ್ಯ ಪ್ರಮಾಣಪತ್ರ ಕಡ್ಡಾಯ, ವಯಸ್ಸು 13ರಿಂದ 70. ಕೈಲಾಸ ಮಾನಸಸರೋವರಕ್ಕೆ ದೇಹತೂಕದ ಸೂಚ್ಯಂಕ 25 ದಾಟಬಾರದು. ಆ ನಿಯಮಗಳನ್ನು ಶಪಿಸುವವರಿದ್ದಾರೆ. ಡೋಲ್ಮಾ ಕಣಿವೆಯ 5,600 ಮೀಟರಿನಲ್ಲಿ ಅವು ಯಾಕಿವೆ ಎಂದು ತಿಳಿಯುತ್ತದೆ.

ಎತ್ತರದಲ್ಲಿ ಯಾರಾದರೂ ತೂರಾಡಿದರೆ, ಮಾತು ತಡವರಿಸಿದರೆ ಎರಡು ಸಾಧ್ಯತೆ: ಸಕ್ಕರೆ ಇಳಿದಿರಬಹುದು, ಮಿದುಳು ಊದಿರಬಹುದು. ಮೊದಲು ಬೆರಳು ಚುಚ್ಚಿ ನೋಡಿ. ಸಕ್ಕರೆ ಸರಿಯಿದ್ದೂ ನೆಟ್ಟಗೆ ನಡೆಯಲಾಗದಿದ್ದರೆ, ಅಥವಾ ಕೂತಲ್ಲೇ ಉಸಿರು ಕಟ್ಟುತ್ತಿದ್ದರೆ, ರಾತ್ರಿಯೇ ಆಗಲಿ ಕೆಳಗಿಳಿಸಬೇಕು. ಮುಂಜಾಗ್ರತೆಗೆ ಕೊಡುವ ಅಸೆಟಜೋಲಮೈಡ್ ಮಾತ್ರೆ ಕೂಡ ನೀರಿಳಿಸುತ್ತದೆ, ಕಿಡ್ನಿ ತೊಂದರೆಯವರಿಗೆ ಹೊಂದದಿರಬಹುದು. ಇಸಾಮಿಯಾ ಬಜಾರಿನಲ್ಲಿ ಚೀಟಿಯಿಲ್ಲದೆ ಸಿಕ್ಕಿತೆಂದು ನುಂಗುವ ಗುಳಿಗೆ ಅದಲ್ಲ.

ತಾಲೀಮು ಎಲ್ಲಿ

ಊರಿನಲ್ಲೇ ಮಾಡಬಹುದು. ಗೋಲ್ಕೊಂಡ ಕೋಟೆಯ ಬಾಲಾ ಹಿಸಾರಿಗೆ ಸುಮಾರು 360 ಮೆಟ್ಟಿಲು. ಅಲ್ಲಿ ಒಮ್ಮೆ ಹತ್ತಿಳಿದು, ಮೊದಲೂ ಆಮೇಲೂ ಸಕ್ಕರೆ ನೋಡಿ ಬರೆದಿಟ್ಟರೆ ನಿಮ್ಮ ಮಾತ್ರೆ ಏರಿನಲ್ಲಿ ಏನು ಮಾಡುತ್ತದೆಂದು ಅಂಕಿಯಲ್ಲೇ ಸಿಗುತ್ತದೆ. ಅದು ರೂಢಿಯಾದ ಮೇಲೆ ಭುವನಗಿರಿ. ಕಲ್ಯಾಣ ಚಾಲುಕ್ಯರ ತ್ರಿಭುವನಮಲ್ಲ ಆರನೇ ವಿಕ್ರಮಾದಿತ್ಯನ ಹೆಸರು ಹೊತ್ತ, ಸುಮಾರು 500 ಅಡಿ ಎತ್ತರದ ಒಂಟಿ ಬಂಡೆಯ ಕೋಟೆ, ಹೈದರಾಬಾದಿನಿಂದ ಸುಮಾರು 50 ಕಿಲೋಮೀಟರ್. 2014ರಲ್ಲಿ ಹದಿಮೂರನೇ ವಯಸ್ಸಿನಲ್ಲಿ ಎವರೆಸ್ಟ್ ಹತ್ತಿದ ಮಾಲಾವತ್ ಪೂರ್ಣಾ ಕಲ್ಲು ಹತ್ತಲು ಕಲಿತದ್ದು ಇದೇ ಬಂಡೆಯಲ್ಲಿ. ನೆರಳಿಲ್ಲ, ಬಂಡೆ ಕಾಯುತ್ತದೆ, ಬೆಳಕು ಹರಿಯುತ್ತಲೇ ಹತ್ತಿ ಇಳಿಯಬೇಕು. ರಾಯಚೂರು, ಕೊಪ್ಪಳದ ಕಡೆಯವರಿಗೆ ಅಂಜನಾದ್ರಿಯ 575 ಮೆಟ್ಟಿಲು ಇದ್ದೇ ಇದೆ. ದೊಡ್ಡ ಯಾತ್ರೆಗೆ ಎರಡು ತಿಂಗಳಾದರೂ ಮೊದಲು ಇದನ್ನೆಲ್ಲ ಶುರುಮಾಡಿ, ಆ ಅಂಕಿಗಳ ಹಾಳೆಯನ್ನು ವೈದ್ಯರ ಮುಂದಿಟ್ಟರೆ "ಹೋಗಬಹುದೇನ್ರಿ" ಎಂಬ ಪ್ರಶ್ನೆಗೆ ಅವರೂ ನೆಟ್ಟಗೆ ಉತ್ತರ ಹೇಳಬಲ್ಲರು.

ಕೊನೆಯದಾಗಿ ಗುರುಸ್ವಾಮಿಗಳಲ್ಲಿ, ಟೂರಿನವರಲ್ಲಿ, ಚಾರಣದ ತಂಡ ಕಟ್ಟುವವರಲ್ಲಿ ಒಂದು ವಿನಂತಿ. ಹೆಸರು ನೋಂದಾಯಿಸುವಾಗ ಆಧಾರ್ ನಂಬರ್ ಬರೆಸಿಕೊಳ್ಳುವಂತೆ ಪ್ರತಿಯೊಬ್ಬರ ಮಾತ್ರೆಗಳ ಹೆಸರನ್ನೂ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ, ಆ ಚೀಟಿಯ ಒಂದು ಪ್ರತಿ ಅವರ ಜೇಬಿನಲ್ಲೂ ಇರಲಿ. ಯಾರನ್ನೂ ಬಿಟ್ಟುಹೋಗುವುದಕ್ಕಾಗಿ ಇದನ್ನು ಕೇಳುತ್ತಿಲ್ಲವೆಂದು ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಜನ ಬಚ್ಚಿಡುತ್ತಾರೆ.